ಐರ್ಲೆಂಡಿನ ವಸಂತದಲ್ಲಿ ಸಂಡಿಗೆ ಇಟ್ಟವಳು

ಬೆಳಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ, ಉಳಿದವರೆಲ್ಲ ಮೊಬೈಲು. ನಾನು ಅಡುಗೆಮನೆಯ ಹಿಂಬಾಗಿಲು ತೆಗೆದು ಬಲಗೈಯನ್ನು ಹೊರಗೆ ಚಾಚುತ್ತೇನೆ. ಅಂಗೈ ಮೇಲೆ ಮಾಡಿ ಅಲ್ಲ, ಕವುಚಿ. ಗಾಳಿಯ ತೇವ ಕೈಯ ಹಿಂಭಾಗಕ್ಕೆ ತಿಳಿದಷ್ಟು ಅಂಗೈಗೆ ತಿಳಿಯುವುದಿಲ್ಲ. ದೂರದಿಂದ ನೋಡಿದವರಿಗೆ, ಈ ಹೆಂಗಸು ನೈರೋಬಿಯ ಲೊರೆಶೋ ಬಡಾವಣೆಯ ಹಕ್ಕಿಗಳಿಗೆಲ್ಲ ತನ್ನ ಬಳೆ ತೋರಿಸುತ್ತಿದ್ದಾಳೆ ಅನ್ನಿಸಿದರೆ ಅದು ಅವರ ತಪ್ಪಲ್ಲ.

"ಏನಂತೆ ಇವತ್ತು?" ಎಂದು ಕಾಫಿ ಲೋಟದ ಹಿಂದಿನಿಂದ ನನ್ನ ಗಂಡ ರಘು ಕೇಳುತ್ತಾರೆ.

"ಹನ್ನೊಂದರ ತನಕ ಮೋಡ. ಆಮೇಲೆ ಬಿಸಿಲು. ಮೂರರ ಮೇಲೆ ನಂಬೋ ಹಾಗಿಲ್ಲ."

"ಫೋನಲ್ಲೂ ಹಾಗೇ ತೋರಿಸ್ತಿದೆ."

"ಫೋನಿಗೆ ಕೈ ಇದೆಯೇನ್ರೀ?"

ಇದು ನಮ್ಮ ಮನೆಯ ಸುಪ್ರಭಾತ. ಫೋನು ಹೇಳಿದ್ದು ಸುಳ್ಳಾಗಿ ನಾನು ಹೇಳಿದ್ದು ನಿಜವಾದ ದಿನ ಸಂಜೆ ಅವರು ನೆನೆದುಕೊಂಡು ಮನೆಗೆ ಬರುತ್ತಾರೆ. ಆ ದಿನ ನಾನು ಟವೆಲ್ ಮಾತ್ರ ಕೊಡುತ್ತೇನೆ.

ಈ ಕೈ ಚಾಚುವ ವಿದ್ಯೆ ನಾನು ಹುಟ್ಟೂರು ಮೈಸೂರಿನಲ್ಲಿ ಕಲಿತದ್ದಲ್ಲ, ಈಗಿರುವ ನೈರೋಬಿಯಲ್ಲಿ ಕಲಿತದ್ದೂ ಅಲ್ಲ. ಐರ್ಲೆಂಡಿನಲ್ಲಿ ಕಲಿತದ್ದು. ರಘು ಔಷಧಿ ಕಾರ್ಖಾನೆಗಳಲ್ಲಿ ಗುಣಮಟ್ಟ ನೋಡುವ ಕೆಲಸದವರು. ಇಲ್ಲಿ ನಮ್ಮ ದೇಶದವರದೇ ಒಂದು ಕಂಪನಿಯ ಕ್ವಾಲಿಟಿ ವಿಭಾಗ ಅವರ ಕೈಯಲ್ಲಿದೆ. ಇದಕ್ಕೆ ಮುಂಚೆ ಕಾರ್ಕ್ ನಗರದ ಹೊರಗೆ ಒಂದು ಪುಟ್ಟ ಊರಿನಲ್ಲಿ ಎಂಟೊಂಬತ್ತು ವರ್ಷ ಇದ್ದೆವು. ಮಗಳು ಅದಿತಿ ಹುಟ್ಟಿದ್ದು ಅಲ್ಲೇ.

ಆ ದೇಶದಲ್ಲಿ ಇಬ್ಬರು ಎದುರಾದರೆ ಮೊದಲು ಹವೆಯ ಮಾತು, ಆಮೇಲೆ ಕುಶಲ. ಅವರಿಗೆ ವಸಂತ ಶುರುವಾಗುವುದು ಫೆಬ್ರವರಿ ಒಂದನೇ ತಾರೀಖು. ಪಕ್ಕದ ಮನೆಯ ಮೌರಾ, ನಿವೃತ್ತ ಶಾಲಾ ಟೀಚರು, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಆ ದಿನ ಬೆಳಗ್ಗೆ ಗೋಡೆಯಾಚೆಯಿಂದ ವಸಂತ ಬಂತೆಂದು ಸಾರಿದಾಗ ನಾನು ಎರಡು ಸ್ವೆಟರಿನ ಮೇಲೆ ಕೋಟು ಹಾಕಿ ನಿಂತಿದ್ದೆ. ತಲೆಯ ಮೇಲೆ ಆಲಿಕಲ್ಲು ಬೀಳುತ್ತಿತ್ತು. ಇದಾ ನಿಮ್ಮ ವಸಂತ ಎಂದು ಕೇಳಿದೆ. "ಹೌದಲ್ಲ, ಸಂಜೆ ಎಷ್ಟು ಉದ್ದವಾಯಿತು ನೋಡು," ಎಂದರು ಆಕೆ. ಆಲಿಕಲ್ಲಿನ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ವಸಂತ ಪಂಚಾಂಗದವರು ಹೇಳಿದ ದಿನಕ್ಕೆ ಬಂದು, ಊರನ್ನು ಬೇಸಿಗೆಯ ಕೈಗೆ ಒಪ್ಪಿಸಿ ಹೊರಟುಬಿಡುತ್ತದೆ. ಅವರದ್ದು ಬಂದೆ ಬಂದೆ ಅನ್ನುತ್ತಲೇ ಮೇ ತಿಂಗಳವರೆಗೆ ಬಾಗಿಲಲ್ಲಿ ನಿಂತು ಚಪ್ಪಲಿ ಒರೆಸಿಕೊಳ್ಳುತ್ತಿರುತ್ತದೆ.

ಅದಕ್ಕೇ ಇರಬೇಕು, ಅಲ್ಲಿ ಎಲ್ಲರಿಗೂ ಹಳೆಯ ವಸಂತಗಳನ್ನು ಹೋಲಿಸುವ ಚಟ. ನಮ್ಮ ಮೈಸೂರಿನಲ್ಲಿ ವಯಸ್ಸಾದವರು ಹಳೇ ಪೈಲ್ವಾನರ ಬಗ್ಗೆ ಮಾತಾಡುತ್ತಾರಲ್ಲ, ಹಾಗೆ. ಈ ಸಲದ್ದು ಪರವಾಗಿಲ್ಲ, ಆದರೆ ನಮ್ಮಪ್ಪ ದನದ ಕೊಟ್ಟಿಗೆಗೆ ಸುಣ್ಣ ಹೊಡೆದ ವರ್ಷದ ವಸಂತದ ಮುಂದೆ ಇದೇನೂ ಅಲ್ಲ, ಅನ್ನುವರು ಮೌರಾ. ಕೇಳಿ ಕೇಳಿ ಆ ಚಟ ನನಗೂ ಅಂಟಿತು. ಇಲ್ಲಿಗೆ ಬಂದ ಮೇಲೆ ತೊಂದರೆಯಾಯಿತು. ನೈರೋಬಿಯಲ್ಲಿ ಸೂರ್ಯ ಸರ್ಕಾರಿ ನೌಕರನ ಹಾಗೆ ವರ್ಷವಿಡೀ ಆರೂವರೆಗೆ ಬಂದು ಆರೂವರೆಗೆ ಹೋಗುತ್ತಾನೆ. ಹೋಲಿಸುವುದಕ್ಕೆ ವಸಂತವೇ ಇಲ್ಲ. ಮಾರ್ಚಿನಿಂದ ಮೇವರೆಗೆ ಲಾಂಗ್ ರೇನ್ಸ್ ಎಂಬ ಉದ್ದನೆಯ ಮಳೆಗಾಲ ಉಂಟು, ಅಷ್ಟೇ. ಆದ್ದರಿಂದ ಅಲ್ಲಿಯ ವಸಂತಗಳನ್ನೇ ಇಲ್ಲಿಯ ಗೆಳತಿಯರಿಗೆ ಬಡಿಸತೊಡಗಿದೆ. ಅವರು ಅದಕ್ಕೆ 'ನಳಿನಿಯ ಐರ್ಲೆಂಡ್ ಪುರಾಣ' ಎಂದು ಹೆಸರಿಟ್ಟರು. ನಾನು ಬಾಯಿ ತೆಗೆದರೆ ಸಾಕು, ಪುರಾಣ ಶುರು ಅನ್ನುತ್ತಾರೆ. ಅನ್ನಲಿ. ಪುರಾಣ ಹೇಳುವವರು ಬೇಕಲ್ಲ.

ಆದರೆ ಈ ವರ್ಷ ಆ ಪುರಾಣ ಕಟಕಟೆ ಹತ್ತಬೇಕಾಗಿ ಬಂತು.

ಪ್ರತಿವರ್ಷ ಯುಗಾದಿ ಊಟಕ್ಕೆ ಇಲ್ಲಿಯ ಕನ್ನಡದವರೆಲ್ಲ ಒಂದು ಮನೆಯಲ್ಲಿ ಸೇರುತ್ತೇವೆ. ಈ ಸಲ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಗಾಯತ್ರಿಯ ಮನೆ. ಗಾಯತ್ರಿಯ ತಾಯಿ ಸಾವಿತ್ರಮ್ಮನವರು ಮೈಸೂರಿನಿಂದ ಬಂದಿದ್ದರು. ಒಂದು ಡಬ್ಬ ತುಂಬ ಸಂಡಿಗೆಯನ್ನೂ ತರುವವರಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ತೂಕ ಹೆಚ್ಚಾಯಿತೆಂದು ಅವರ ಮಗ ತೆಗೆದಿಟ್ಟದ್ದು ಅದೇ ಡಬ್ಬವನ್ನು. ಯಾರು ಏನು ಮಾಡುವುದು ಎಂದು ಹಂಚಿಕೊಳ್ಳಲು ನಾವು ಐದಾರು ಹೆಂಗಸರು ಕೂತಿದ್ದಾಗ ಗಾಯತ್ರಿ ಈ ದುಃಖದ ಸಮಾಚಾರ ಹೇಳಿದಳು. ಯಾರೋ ಆಲೂಗಡ್ಡೆ ಚಿಪ್ಸ್ ಪ್ಯಾಕೆಟ್ ತಂದರಾಯಿತು ಅಂದರು. ಯುಗಾದಿ ಎಲೆಯ ತುದಿಗೆ ಚಿಪ್ಸು. ನನಗೆ ತಡೆಯಲಿಲ್ಲ.

"ಸಂಡಿಗೆ ನಾನು ಇಡ್ತೀನಿ," ಎಂದೆ.

ಹೊರಗೆ ಧಾರಾಕಾರ ಮಳೆ. ಎಲ್ಲರೂ ಒಮ್ಮೆ ಕಿಟಕಿ ನೋಡಿ ಆಮೇಲೆ ನನ್ನನ್ನು ನೋಡಿದರು. ಲವೀನಾ ಮಂಗಳೂರಿನವಳು, ನಮ್ಮ ಬೀದಿಯ ಕೊನೆಯ ಮನೆ, ಯುಗಾದಿ ಅವಳ ಹಬ್ಬವಲ್ಲದಿದ್ದರೂ ಹೋಳಿಗೆ ತಟ್ಟಲು ಎಲ್ಲರಿಗಿಂತ ಮುಂಚೆ ಬಂದು ನಿಲ್ಲುವವಳು. ಅವಳೇ ಮೊದಲು ಬಾಯಿ ಬಿಟ್ಟದ್ದು.

"ನಿಮ್ಗೆ ಮಂಡೆ ಸಮ ಉಂಟಾ ಮಾರಾಯ್ರೆ? ಈ ಮಳೆಗೆ ನನ್ನ ಗಂಡನ ಬನಿಯನ್ನೇ ಒಣಗುದಿಲ್ಲ."

"ಐರ್ಲೆಂಡಿನ ವಸಂತದಲ್ಲೇ ಒಣಗಿಸಿದೀನಿ ಲವೀನಾ. ಇದ್ಯಾವ ಮಳೆ?"

"ಅದು ಸರಿ," ಎಂದಳು ಗಾಯತ್ರಿ ನಿಧಾನಕ್ಕೆ. "ಆದ್ರೆ ಅಮ್ಮ ಒಂದು ತುಂಡು ಕಚ್ಚಿದ್ರೆ ಸಾಕು, ಎಷ್ಟು ಬಿಸಿಲು ಕಂಡಿದೆ ಅಂತ ಹೇಳಿಬಿಡ್ತಾರೆ. ಚೆನ್ನಾಗಿಲ್ಲ ಅಂದ್ರೆ ಮುಚ್ಚಿಡೋರೂ ಅಲ್ಲ. ಎಲ್ಲರ ಮುಂದೇನೇ ಹೇಳ್ತಾರೆ. ನೋಡ್ಕೋ."

ಆಗ ಹೊಸದಾಗಿ ಬಂದಿದ್ದ ಒಬ್ಬಾಕೆ, ಇಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ವಿನಯದಿಂದಲೇ ಕೇಳಿದರು. "ಐರ್ಲೆಂಡಲ್ಲಿ ನೀವೂ ವರ್ಕ್ ಮಾಡ್ತಿದ್ರಾ ಮೇಡಂ?"

"ಇಲ್ಲ, ಮನೇಲಿದ್ದೆ."

"ಓ, ಬರೀ ಮನೇಲಾ."

ಆಕೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನನಗೂ ಗೊತ್ತು. ಆದರೆ ಆ 'ಬರೀ' ಎಂಬ ಮಾತು ಕಾರಿನಲ್ಲಿ ಲೊರೆಶೋವರೆಗೂ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು. ಅಲ್ಲಿದ್ದಷ್ಟು ವರ್ಷಕ್ಕೆ ರಘುಗೆ ಅನುಭವದ ಪತ್ರ ಸಿಕ್ಕಿತು. ಅದಿತಿಗೆ ಜನನ ಪತ್ರ ಸಿಕ್ಕಿತು. ನಾನು ಮೈಸೂರಿನಲ್ಲಿ ಕಾಲೇಜಿನ ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವಳು, ಅಲ್ಲಿಯ ವೀಸಾ ನಿಯಮದಿಂದಾಗಿ ಮನೆಯಲ್ಲಿ ಕೂತೆ. ನನಗೆ ಸಿಕ್ಕಿದ್ದು ಆ ಹವೆಯ ಪರಿಚಯ ಒಂದೇ. ಅದು ವಿದ್ಯೆಯೋ ಬಡಾಯಿಯೋ ಎಂಬುದು ಈಗ ಸಾವಿತ್ರಮ್ಮನವರ ಹಲ್ಲಿನಲ್ಲಿ ತೀರ್ಮಾನವಾಗಬೇಕಿತ್ತು. ಕೆಟ್ಟರೆ ಸಂಡಿಗೆ ಮಾತ್ರ ಕೆಡುವುದಿಲ್ಲ, ಇನ್ನು ಮುಂದೆ ನಾನು ಐರ್ಲೆಂಡ್ ಎಂದು ಬಾಯಿ ತೆಗೆಯುವ ಹಾಗಿಲ್ಲ. ನನಗೆ ನಿಜವಾಗಿ ಭಯವಾಯಿತು.

ಮೈಸೂರಿನಲ್ಲಾದರೆ ಇದು ಭಯಪಡುವ ವಿಷಯವೇ ಅಲ್ಲ. ಸರಸ್ವತಿಪುರದ ನಮ್ಮ ಮನೆಯ ತಾರಸಿಯಲ್ಲಿ ಏಪ್ರಿಲ್ ತಿಂಗಳ ಬಿಸಿಲು ಬಿಟ್ಟಿ ಬಿದ್ದಿರುತ್ತಿತ್ತು. ಬೆಳಗಾಗುವ ಮೊದಲೇ ಅಮ್ಮ ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿ, ಜೀರಿಗೆ, ಇಂಗು, ಹಸಿಮೆಣಸಿನಕಾಯಿ ಅರೆದು ಹಾಕಿ, ಅಜ್ಜನ ಹಳೆಯ ಪಂಚೆಯನ್ನು ಒದ್ದೆ ಮಾಡಿ ಹಾಸಿ, ಸೌಟಿನಿಂದ ದುಂಡಗೆ ಹುಯ್ಯುತ್ತ ಹೋಗುತ್ತಿದ್ದಳು. ಕೊಡೆ ಹಿಡಿದು ಕಾಗೆ ಓಡಿಸುವುದು ನನ್ನ ಕೆಲಸ. ಅರ್ಧ ಒಣಗಿದ ಸಂಡಿಗೆ ಇದೆಯಲ್ಲ, ಮೇಲೆ ತೊಗಲಿನಂತೆ, ಒಳಗೆ ಇನ್ನೂ ಮೆತ್ತಗೆ, ಬಿಸಿಬಿಸಿ, ಅದರ ರುಚಿ ಕರಿದ ಸಂಡಿಗೆಗೂ ಇಲ್ಲ. ನಾನು ಪಂಚೆಯ ನಡುವಿನಿಂದ ಕಿತ್ತು ತಿನ್ನುತ್ತಿದ್ದೆ, ಅಂಚಿನದ್ದು ತಿಂದರೆ ಗೊತ್ತಾಗುತ್ತದೆ ಎಂದು. ಕಾಗೆ ಅಂಚಿನಿಂದ ತಿನ್ನುತ್ತೆ ಕಣೇ, ನಡುವಿನಿಂದ ತಿನ್ನೋ ಕಾಗೆ ನಮ್ಮನೇದು ಒಂದೇ, ಎನ್ನುತ್ತಿದ್ದಳು ಅಮ್ಮ. ಅಷ್ಟೆಲ್ಲ ತಿಂದರೂ ಸಂಜೆಯ ಹೊತ್ತಿಗೆ ಉಳಿದವು ಮುರಿದರೆ ಟಕ್ ಎನ್ನುತ್ತಿದ್ದವು. ಬಿಸಿಲಿನ ಬಗ್ಗೆ ನಾವು ಯಾರೂ ಒಂದು ಮಾತಾಡಿದ್ದು ನೆನಪಿಲ್ಲ. ಇರುವುದರ ಬಗ್ಗೆ ಯಾರು ಮಾತಾಡುತ್ತಾರೆ?

ಐರ್ಲೆಂಡಿಗೆ ಹೋದ ಮೊದಲ ವರ್ಷ ಏಪ್ರಿಲ್ ಬಂದ ಕೂಡಲೇ ನನ್ನ ಕೈ ತುರಿಸತೊಡಗಿತು. ಏಪ್ರಿಲ್ ಅಂದಮೇಲೆ ಸಂಡಿಗೆ, ಇದು ರಕ್ತದಲ್ಲಿ ಬಂದದ್ದು. ಒಂದು ದಿನ ಬೆಳಗ್ಗೆ ಮೌರಾ ಬಟ್ಟೆ ಬುಟ್ಟಿ ಹಿಡಿದು ಗೋಡೆಯಾಚೆಯಿಂದ, ಇವತ್ತು 'ಗ್ರೇಟ್ ಡ್ರೈಯಿಂಗ್' ನಳಿನಿ, ಎಂದು ಕೂಗಿದರು. ಬಟ್ಟೆ ಒಣಗುವುದಕ್ಕೆ ಹೇಳಿ ಮಾಡಿಸಿದ ದಿನ ಎಂದು ಅರ್ಥ. ಬೀದಿಯ ಎಲ್ಲ ಹಿತ್ತಲುಗಳಲ್ಲೂ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಆಕಾಶ ನೀಲಿ. ಇದಕ್ಕಿಂತ ಇನ್ನೇನು ಬೇಕು ಎಂದು ನಾನು ಗಂಜಿ ಕಾಯಿಸಿಯೇಬಿಟ್ಟೆ. ಹುಲ್ಲಿನ ಮೇಲೆ ರಘುವಿನ ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆ. ಮೈಸೂರಿನ ಪಂಚೆಗೆ ನಾಲ್ಕು ಕಲ್ಲು ಧಾರಾಳ. ಅಟ್ಲಾಂಟಿಕ್ ಸಮುದ್ರದ ಕಡೆಯಿಂದ ಬರುವ ಗಾಳಿಗೆ ಆ ವಿಷಯ ಗೊತ್ತಿರಲಿಲ್ಲ.

ಮಧ್ಯಾಹ್ನ ನಾನು ಅದಿತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೋಫಾದ ಮೇಲೆ ಕಣ್ಣು ಮುಚ್ಚಿದ್ದೆ. ಎದ್ದು ನೋಡಿದರೆ ಪಂಚೆ ಇಲ್ಲ. ಅದು ಸಂಡಿಗೆ ಸಮೇತ ಗೋಡೆ ಹಾರಿ ಮೌರಾ ಅವರ ಗುಲಾಬಿ ಗಿಡಗಳ ಮೇಲೆ ಮಲಗಿತ್ತು. ಆಕೆ ಒಂದು ಪಿಂಗಾಣಿ ಬಟ್ಟಲಿನಲ್ಲಿ ಬಿದ್ದ ಸಂಡಿಗೆಗಳನ್ನೆಲ್ಲ ಆರಿಸಿ ಎರಡೂ ಕೈಯಲ್ಲಿ ಹಿಡಿದು ತಂದರು. ಮುಖ ಗಂಭೀರವಾಗಿತ್ತು. ದುಂಡಗೆ, ಬೆಳ್ಳಗೆ, ತೆಳ್ಳಗೆ ಇದ್ದದ್ದನ್ನು ನೋಡಿ ಆಕೆಗೆ ಇಗರ್ಜಿಯ ಪ್ರಸಾದದ ರೊಟ್ಟಿಯೇನೋ ಅನ್ನಿಸಿ, ಎಲ್ಲಿ ತುಳಿದುಬಿಡುತ್ತೇನೋ ಎಂದು ತೋಟದಲ್ಲಿ ತುದಿಗಾಲಲ್ಲಿ ನಡೆದಿದ್ದರಂತೆ. ಇದು ಕರಿದು ತಿನ್ನುವ ತಿಂಡಿ ಎಂದು ತಿಳಿಸಿದ ಮೇಲೆ ಗೋಡೆ ಹಿಡಿದುಕೊಂಡು ನಕ್ಕರು. ಈ ಕತೆಯನ್ನು ಲವೀನಾ ನನ್ನಿಂದ ಎಷ್ಟು ಸಲ ಹೇಳಿಸಿದ್ದಾಳೋ. ತನ್ನ ಅಕ್ಕಂದಿರಿಗೆ ಫೋನಿನಲ್ಲಿ ಕೊಂಕಣಿಯಲ್ಲಿ ಹೇಳುವಾಗ ಅವಳೇ ತೋಟದಲ್ಲಿ ತುದಿಗಾಲಲ್ಲಿ ನಡೆದವಳಂತೆ ಹೇಳುತ್ತಾಳೆ.

ಆವತ್ತೇ ಮೌರಾ ನನ್ನ ಕೈ ಹಿಡಿದು ತಿರುಗಿಸಿ ಗಾಳಿಗೊಡ್ಡಿ ಪಾಠ ಶುರು ಮಾಡಿದ್ದು. ನಮ್ಮಲ್ಲಿ ಒಣಗಿಸುವುದು ಬಿಸಿಲಲ್ಲ ಮಗು, ಗಾಳಿ. ಬಿಸಿಲು ಬರೀ ನೋಡುವುದಕ್ಕೆ, ಎಂದರು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದು ನನಗೆ ಮುಂಚೆಯೇ ಗೊತ್ತಿತ್ತು, ಪರೀಕ್ಷೆಯಲ್ಲೂ ಕೇಳುತ್ತಿದ್ದೆ. ಗೊತ್ತಿರುವುದಕ್ಕೂ ಗುಲಾಬಿ ಗಿಡದ ಮೇಲಿಂದ ಸಂಡಿಗೆ ಬಿಡಿಸುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ವರ್ಷ ಮಾರ್ಚ್ ತಿಂಗಳಲ್ಲಿ ಹಿಮ ಬಿತ್ತು. ಅಂಗಡಿಯಲ್ಲಿ ಬ್ರೆಡ್ಡು ಖಾಲಿ, ಊರಿನವರೆಲ್ಲ ಪ್ರಳಯವಾದಂತೆ ಮಾತಾಡುತ್ತಿದ್ದರು. ನಾನು ಹಿಂದಿನ ದಿನ ಸಂಡಿಗೆ ಇಟ್ಟು ಕೂತಿದ್ದೆ. ಅಲ್ಲಿಯ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಯನ್ನು ಒಂದು ಬೀರುವಿನೊಳಗೆ ಕೂರಿಸಿರುತ್ತಾರೆ, ಅದಕ್ಕೆ ಹಾಟ್ ಪ್ರೆಸ್ ಎನ್ನುತ್ತಾರೆ. ಒಗೆದ ಬಟ್ಟೆಯನ್ನು ಕೊನೆಗೆ ಬೆಚ್ಚಗೆ ಮಡಚಿಡುವ ಜಾಗ ಅದು. ಬಟ್ಟೆಯ ಮೇಲಿನ ಅರೆಯಲ್ಲಿ ನಾನು ಸಂಡಿಗೆ ತಟ್ಟೆಗಳನ್ನು ಜೋಡಿಸಿದೆ. ಒಣಗಿದವು, ಚೆನ್ನಾಗಿಯೇ ಒಣಗಿದವು. ಆದರೆ ಆ ವಾರ ಪೂರ್ತಿ ರಘು ಆಫೀಸಿನ ಮೀಟಿಂಗುಗಳಲ್ಲಿ ಇಂಗಿನ ಪರಿಮಳ ಬೀರುತ್ತ ಕೂತಿದ್ದರು. ಯಾರೋ ಒಬ್ಬರು, ಪಕ್ಕದ ಕೋಣೆಯಲ್ಲಿ ಏನೋ ಒಳ್ಳೆಯ ಸೂಪ್ ಮಾಡುತ್ತಿದ್ದಾರೆ, ಎಂದರಂತೆ. ರಘು ಹೌದು ಹೌದು ಎಂದು ತಲೆಯಾಡಿಸಿ ಬಂದರು.

ಅದರ ಮುಂದಿನ ವರ್ಷದ್ದು ಕಣ್ಣಾಮುಚ್ಚಾಲೆಯ ವಸಂತ. ಬಿಸಿಲು, ತಕ್ಷಣ ಮಳೆ, ಮತ್ತೆ ಬಿಸಿಲು, ಆಮೇಲೆ ಎರಡೂ ಒಟ್ಟಿಗೆ. ಪಂಚೆ ಹಾಸುವುದನ್ನು ನಾನು ಆ ವರ್ಷ ಬಿಟ್ಟೆ. ಒಂದೇ ಕೈಯಲ್ಲಿ ಎತ್ತಿಕೊಂಡು ಓಡಬಹುದಾದ ಸಣ್ಣ ಸಣ್ಣ ತಟ್ಟೆಗಳಿಗೆ ಬಂದೆ. ಪುಟ್ಟ ಅದಿತಿ ಕಿಟಕಿಯಲ್ಲಿ ನಿಂತು ಮೊದಲ ಹನಿ ಗಾಜಿಗೆ ಬಿದ್ದ ಕೂಡಲೇ "ಅಮ್ಮಾ, ರೇನ್" ಎಂದು ಕೂಗುತ್ತಿದ್ದಳು. ಗಾಜು ಏರಿಸಿ ನಿಲ್ಲಿಸಿದ ಕಪ್ಪು ಕಾರಿನೊಳಗೆ ಎಷ್ಟು ಕಾವು ಕೂಡುತ್ತದೆ ಎಂದು ನಾನು ಕಂಡುಹಿಡಿದದ್ದೂ ಆ ವರ್ಷವೇ. ಹೊಸ ಖಂಡ ಕಂಡುಹಿಡಿದವರಿಗೆ ಅಷ್ಟು ಸಂತೋಷವಾಗಿತ್ತೋ ಇಲ್ಲವೋ.

ಆದರೆ ಎಲ್ಲ ವಸಂತಗಳ ಪೈಲ್ವಾನ ಅಂದರೆ ಕೊರೊನಾ ವರ್ಷದ್ದು. ಇಡೀ ಊರು ಮನೆಯೊಳಗೆ, ಹೊರಗೆ ಬಿಸಿಲೋ ಬಿಸಿಲು. ವಾರಗಟ್ಟಲೆ ಮಳೆ ಇಲ್ಲ. ಆ ಊರಿನ ಆಕಾಶ ಹಾಗೆ ತೊಳೆದಿಟ್ಟಂತೆ ಇದ್ದದ್ದನ್ನು ನಾನು ಹಿಂದೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಆ ಏಪ್ರಿಲಿನಲ್ಲಿ ನಾನು ಮತ್ತೆ ಪಂಚೆ ಹಾಸಿದೆ. ಕಾರು ಬೇಡ, ಬೀರು ಬೇಡ, ಶುದ್ಧ ಬಿಸಿಲಿನಲ್ಲಿ ಸಂಡಿಗೆ ಟಕ್ ಎಂದವು. ಮೌರಾ ಒಬ್ಬರೇ ಇದ್ದರು, ವಯಸ್ಸಾದವರು ಹೊರಗೆ ಬರಬಾರದೆಂದು ಹೇಳಿದ್ದರು. ಕರಿದ ಸಂಡಿಗೆಯ ತಟ್ಟೆಯನ್ನು ಗೋಡೆಯ ಮೇಲಿಟ್ಟು ನಾನು ಹಿಂದೆ ಸರಿಯುವುದು, ಆಕೆ ಮುಂದೆ ಬಂದು ತೆಗೆದುಕೊಳ್ಳುವುದು. ದೇವಸ್ಥಾನದಲ್ಲಿ ನೈವೇದ್ಯ ಇಟ್ಟ ಹಾಗೆ. ಆಕೆ ತೋಟದ ಕುರ್ಚಿಯಲ್ಲಿ ಕೂತು ಟೀ ಜೊತೆ ತಿಂದು, ಉಪ್ಪು ಒಂದು ಚೂರು ಮುಂದಾಯಿತು ಎಂದರು. ಆಮೇಲೆ, ನನ್ನ ಜೀವಮಾನದಲ್ಲೇ ಇಂಥ ವಸಂತ ಬಂದಿರಲಿಲ್ಲ ನಳಿನಿ, ಬಂದದ್ದು ಯಾರೂ ನೋಡದ ವರ್ಷ, ಎಂದರು. ನನಗೆ ಅಳು ಬಂತು. ಆ ಗೋಡೆಯ ಆಚೆ ಈಚೆ ನಾವಿಬ್ಬರಾದರೂ ನೋಡಿದೆವಲ್ಲ ಎಂದು ಈಗಲೂ ನನಗೆ ಹೆಮ್ಮೆ.

ಇಷ್ಟು ವಿದ್ಯೆ ಬೆನ್ನಿಗಿಟ್ಟುಕೊಂಡು ಈ ವರ್ಷ ಲೊರೆಶೋದಲ್ಲಿ ನಾನು ಗಂಜಿಗೆ ನೀರಿಟ್ಟೆ. ಅದಕ್ಕೂ ಮುಂಚೆ ಒಂದು ಸುಲಭದ ದಾರಿ ಹೊಳೆದಿತ್ತು, ಮುಚ್ಚಿಡುವುದೇಕೆ.

"ರೀ, ನಿಮ್ಮ ಫ್ಯಾಕ್ಟರೀಲಿ ಮಾತ್ರೆ ಪುಡಿ ಒಣಗಿಸೋಕೆ ದೊಡ್ಡ ಡ್ರೈಯರ್ ಇದೆಯಲ್ಲ?"

ರಘು ಕಾಫಿ ಲೋಟ ಕೆಳಗಿಟ್ಟರು. "ನಳಿನಿ, ನಾಳೆ ಆಡಿಟ್‌ನೋರು ಬಂದು, ನಿಮ್ಮ ಪ್ಯಾರಸಿಟಮಾಲಲ್ಲಿ ಜೀರಿಗೆ ವಾಸನೆ ಯಾಕೆ ಬರ್ತಿದೆ ಅಂದ್ರೆ ನಾನೇನು ಹೇಳ್ಲಿ?"

"ಬೇಡ ಬಿಡಿ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. "ಕಾರು ಬೇಕಾದ್ರೆ ತಗೋ. ಅದಕ್ಕೆ ಆಡಿಟ್ ಇಲ್ಲ."

ಹೀಗೆ ಕೆಲಸ ಶುರುವಾಯಿತು. ಬೆಳಗ್ಗೆ ಕೈ ಚಾಚಿ ನೋಡುವುದು, ಗಾಳಿ ಒಪ್ಪಿದರೆ ತಟ್ಟೆಗಳು ಹೊರಗೆ, ಇಲ್ಲದಿದ್ದರೆ ಒಳಗೆ. ಸಮಭಾಜಕ ವೃತ್ತದ ಬಿಸಿಲು ಮೋಡ ಸರಿದ ಒಂದು ಗಂಟೆಯಲ್ಲೇ ಐರ್ಲೆಂಡಿನ ಒಂದು ದಿನದ ಕೆಲಸ ಮುಗಿಸುತ್ತದೆ, ಅದನ್ನು ಮೆಚ್ಚಲೇಬೇಕು. ಒಂದು ಮಂಗ ಬಂದು ಒಂದು ಹಸಿ ಸಂಡಿಗೆ ಬಾಯಿಗೆ ಹಾಕಿ, ಯೋಚಿಸಿ, ಉಗಿದು ಹೋಯಿತು. ಅದನ್ನು ಅಪಶಕುನ ಅಂದುಕೊಳ್ಳದೆ ಮೆಣಸಿನಕಾಯಿ ಖಾರ ಎಂದೇ ಅಂದುಕೊಂಡೆ. ಶನಿವಾರ ಬಿಸಿಲಿದ್ದ ಹಾಗೇ ಮಳೆ ಸುರಿಯಿತು. ನಾನೂ ಅದಿತಿಯೂ ತಟ್ಟೆ ಎತ್ತಿಕೊಂಡು ಓಡಿದೆವು. ಅವಳಿಗೆ ಈಗ ನನ್ನಷ್ಟೇ ಎತ್ತರ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಒದ್ದೆ ಕೂದಲು ಹಿಂಡುತ್ತ, "ಅಮ್ಮಾ, ದಿಸ್ ಈಸ್ ಸೋ ಐರಿಶ್," ಎಂದಳು. ಅವಳು ಅಷ್ಟು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಸೋಮವಾರದಿಂದ ತಟ್ಟೆಗಳು ಮುಚ್ಚಿದ ಕಾರಿನ ಕಾವಿಗೆಂದು ರಘುವಿನ ಜೊತೆ ಆಫೀಸಿಗೆ ಹೊರಟವು. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಕಾರಿನ ಬಾಗಿಲು ತೆಗೆದು ನೋಡಿದ. ಹಿಂದಿನ ಸೀಟಿನ ತುಂಬ ಬಿಳಿ ಬಿಳಿ ದುಂಡನೆಯವು.

"ದವಾ?" ಎಂದು ಸ್ವಾಹಿಲಿಯಲ್ಲಿ ಕೇಳಿದ. ಔಷಧಿಯೇ ಎಂದು.

"ಚಕುಲಾ," ಎಂದರು ರಘು. ಊಟದ್ದು ಎಂದು.

ಅವನು ಇನ್ನೊಮ್ಮೆ ನೋಡಿ, ಹೆಚ್ಚು ಕೇಳುವುದು ಬೇಡವೆಂದು, "ಸವಾ", ಸರಿ ಹೋಗಿ, ಎಂದು ಬಾಗಿಲು ಹಾಕಿದನಂತೆ.

ಎಲ್ಲ ಸರಿಯಾಗಿ ನಡೆಯಿತು ಎನ್ನುವಷ್ಟರಲ್ಲಿ, ಹಬ್ಬ ಹತ್ತಿರ ಬಂದಾಗ, ಮಳೆ ಕೂತುಬಿಟ್ಟಿತು. ಬೆಳಗ್ಗೆ ಮಳೆ, ಮಧ್ಯಾಹ್ನ ಮಳೆ, ಕಾರಿನ ಗಾಜಿನ ಒಳಗೇ ನೀರು ಬೆವರುತ್ತಿತ್ತು. ಒಂದು ಸಂಡಿಗೆ ತೆಗೆದು ಮುರಿದೆ. ಮುರಿಯಲಿಲ್ಲ, ಚಪ್ಪಲಿಯ ಪಟ್ಟಿಯಂತೆ ಬಗ್ಗಿತು. ಇದನ್ನು ಎಣ್ಣೆಗೆ ಹಾಕಿದರೆ ಅಂಚು ಅರಳಿ ನಡುವೆ ಕಲ್ಲಾಗಿ ಉಳಿಯುತ್ತದೆ, ಸಾವಿತ್ರಮ್ಮನವರಿಗೇಕೆ, ಯಾರ ಹಲ್ಲಿಗಾದರೂ ತಿಳಿಯುತ್ತದೆ. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಇಲ್ಲಿಯ ಮನೆಯಲ್ಲಿ ಹಾಟ್ ಪ್ರೆಸ್ ಇಲ್ಲ.

"ಗಾಯತ್ರಿಗೆ ಫೋನ್ ಮಾಡಿ ಹೇಳಿಬಿಡು," ಎಂದರು ರಘು, ಮೆತ್ತಗೆ. "ಯಾರೂ ಏನೂ ಅಂದ್ಕೊಳ್ಳಲ್ಲ."

"ಅಂದ್ಕೊಳ್ತಾರೆ. ನಾನೇ ಅಂದ್ಕೊಳ್ತೀನಿ."

ಆಗ ಹಳೆಯ ವಸಂತಗಳನ್ನೆಲ್ಲ ಒಂದೊಂದಾಗಿ ಕರೆದು ನಿಲ್ಲಿಸಿ ಕೇಳಿದೆ. ಬಿಸಿಲಿನ ವರ್ಷಗಳಿಂದ ಉಪಯೋಗವಿರಲಿಲ್ಲ. ಉತ್ತರ ಕೊಟ್ಟದ್ದು ಎಲ್ಲಕ್ಕಿಂತ ಕೆಟ್ಟ ವರ್ಷ, ಸೂರ್ಯನೇ ಹುಟ್ಟದ ಒಂದು ಮೇ ತಿಂಗಳು. ಆ ತಿಂಗಳು ಮೌರಾ ತಮ್ಮ ಕೋಣೆಯ ಗೋಡೆಯೊಳಗಿನ ಒಲೆಗೂಡಿನಲ್ಲಿ ಬೆಂಕಿ ಹಾಕಿ, ಎದುರುಗಡೆಯ ಕಿಟಕಿಯನ್ನು ಅಗಲಕ್ಕೆ ತೆಗೆದು, ಎರಡರ ನಡುವೆ ಬಟ್ಟೆ ಹರವುತ್ತಿದ್ದರು. ಕಾವು ಒಂದೇ ಇದ್ದರೆ ಬಟ್ಟೆ ಬೇಯುತ್ತದೆ, ಗಾಳಿ ಒಂದೇ ಇದ್ದರೆ ಥಂಡಿಯಾಗುತ್ತದೆ, ಎನ್ನುತ್ತಿದ್ದರು. ಲೊರೆಶೋದ ಹಳೆಯ ಮನೆಗಳಲ್ಲೆಲ್ಲ ಇರುವಂತೆ ನಮ್ಮ ಹಾಲಿನಲ್ಲೂ ಅಂಥದೊಂದು ಒಲೆಗೂಡು ಇದೆ. ಇಲ್ಲಿಯ ಜುಲೈ ತಿಂಗಳ ಚಳಿಗೆ ಬಿಟ್ಟರೆ ನಾವು ಅದನ್ನು ಮುಟ್ಟುವುದಿಲ್ಲ. ಹೊಗೆಯಾಡದಂತೆ ಚೆನ್ನಾಗಿ ಒಣಗಿದ ಇದ್ದಿಲು ಹಾಕಿ ಹೊತ್ತಿಸಿದೆ. ಕಿಟಕಿಗಳನ್ನು ತೆಗೆದೆ. ನಡುವೆ ಬಟ್ಟೆ ಒಣಗಿಸುವ ಸ್ಟ್ಯಾಂಡು, ಅದರ ಮೇಲೆ ತಟ್ಟೆಗಳು.

"ಬೆಂಕಿ ಹಾಕಿ ಕಿಟಕಿ ತೆಗೀತಾರೇನೇ ಯಾರಾದ್ರೂ?" ಎಂದರು ರಘು, ಸ್ವೆಟರು ಹುಡುಕುತ್ತ.

"ಐರ್ಲೆಂಡಲ್ಲಿ ತೆಗೀತಾರೆ."

ಒಂದಿಡೀ ದಿನ ಆ ಹಾಲಿನಲ್ಲಿ ಒಂದು ಕಡೆ ಬೇಸಿಗೆ, ಒಂದು ಕಡೆ ಮಳೆಗಾಲ. ನಾನು ನಡುವೆ ನಿಂತು ತಟ್ಟೆ ತಿರುಗಿಸುತ್ತಿದ್ದೆ. ಲವೀನಾ ಏನೋ ಕೇಳಲು ಬಂದವಳು ಬಾಗಿಲಲ್ಲೇ ನಿಂತು, "ದೇವಾ, ನಿಮ್ದು ಯಾಗವಾ?" ಎಂದು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದು ತಾನೂ ತಿರುಗಿಸಲು ನಿಂತಳು. ಸಂಜೆಯ ಹೊತ್ತಿಗೆ ಒಂದು ಎತ್ತಿಕೊಂಡು ಮುರಿದಳು. ಟಕ್ ಎಂದಿತು. ಅವಳು ಇನ್ನೊಂದು ಮುರಿದಳು. ಇನ್ನು ಮುರಿಯಬೇಡ ಮಾರಾಯ್ತಿ, ಎಲೆಗೆ ಬೇಕು, ಎಂದು ನಾನು ಅವಳ ಕೈಯಿಂದ ಕಿತ್ತುಕೊಂಡೆ.

ಯುಗಾದಿಯ ದಿನ ಸ್ಪ್ರಿಂಗ್ ವ್ಯಾಲಿಯಲ್ಲೂ ಮಳೆ. ಗಾಯತ್ರಿಯ ಮನೆಯ ವರಾಂಡದಲ್ಲಿ ಸಾಲಾಗಿ ಬಾಳೆಎಲೆ ಹಾಕಿದ್ದರು. ಸಂಡಿಗೆ ಕರಿಯುವುದನ್ನು ನಾನು ಯಾರಿಗೂ ಬಿಡಲಿಲ್ಲ. ಮೊದಲನೆಯದನ್ನು ಎಣ್ಣೆಗೆ ಬಿಟ್ಟಾಗ ಅದು ಒಂದು ಕ್ಷಣ ಮುಳುಗಿ, ಎದ್ದು, ಬೆಳ್ಳಗೆ ಅಂಗೈಯಗಲ ಅರಳಿತು. ನನ್ನ ಎದೆಯೂ ಅಷ್ಟೇ ಅಗಲವಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಬಡಿಸಲು ಹೊರಟವಳು ಸಾವಿತ್ರಮ್ಮನವರ ಎಲೆಯ ಮುಂದೆ ನಿಂತೆ. ಅವರು ಸಂಡಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತುದಿ ಕಚ್ಚಿದರು. ಆಮೇಲೆ ನಡುವನ್ನು ಕಚ್ಚಿದರು. ಆಚೆ ಗಾಯತ್ರಿ ತೊವ್ವೆಯ ಸೌಟು ಹಿಡಿದು ನಿಂತೇ ಇದ್ದಳು, ಬಡಿಸುವುದನ್ನು ಮರೆತಿದ್ದಳು. ಬ್ಯಾಂಕಿನ ಆಕೆ ಎದುರು ಸಾಲಿನಲ್ಲಿ ಕೂತು ನೋಡುತ್ತಿದ್ದರು.

"ಚೆನ್ನಾಗಿ ಬಿಸಿಲು ತಿಂದಿದೆ," ಎಂದರು ಸಾವಿತ್ರಮ್ಮನವರು. "ನಮ್ಮ ಡಬ್ಬ ಕೊನೆಗೂ ಬಂತೇನೇ ಗಾಯತ್ರಿ?"

"ಇಲ್ಲಮ್ಮ. ನಳಿನಿ ಇಲ್ಲೇ ಇಟ್ಟಿದ್ದು. ಈ ಮಳೇಲೇ."

ಅವರು ತಲೆಯೆತ್ತಿ ವರಾಂಡದಾಚೆ ಸುರಿಯುತ್ತಿದ್ದ ಮಳೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದನ್ನೆಲ್ಲಿ ಕಲಿತೆಯಮ್ಮ ನೀನು?"

"ಐರ್ಲೆಂಡಲ್ಲಿ," ಎಂದೆ.

ಆ ಸಾಲಿನಲ್ಲಿ ಯಾರೂ ಪುರಾಣ ಶುರು ಎನ್ನಲಿಲ್ಲ.

"ಹೌದಾ," ಎಂದರು ಸಾವಿತ್ರಮ್ಮನವರು, ಉಳಿದ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ. "ಅಲ್ಲಿ ಬಿಸಿಲು ಅಷ್ಟು ಚೆನ್ನಾಗಿರುತ್ತಾ?"

"ತುಂಬಾ ಚೆನ್ನಾಗಿರುತ್ತೆ," ಎಂದು ನಾನು ಅವರ ಎಲೆಗೆ ಇನ್ನೊಂದು ಬಡಿಸಿದೆ. "ಬಂದ ದಿವಸ."